ಪಾದ್ರಿಯವರ ಸೇವೆಯ ಕೊನೆಯ ವಾರ

ಅವರ ಸಮವಸ್ತ್ರದ ಕಾಲರಿನ ಎರಡು ತುದಿಗೂ ಬೇರೆ ಬೇರೆ ಬಿಲ್ಲೆಗಳಿದ್ದವು. ಎಡಕ್ಕೆ ಚಿನ್ನದ ಬಣ್ಣದ ಪುಟ್ಟ ಶಿಲುಬೆ, ಬಲಕ್ಕೆ ಅಧಿಕಾರಿಯ ಹುದ್ದೆ ಹೇಳುವ ಬೆಳ್ಳಿ ಬಣ್ಣದ ಎಲೆ. ಎಡಗಿವಿ ಕೇಳುತ್ತಿರಲಿಲ್ಲ, ಹಡಗಿನ ತೋಪುಗಳ ಸದ್ದಿಗೆ ಹೋಗಿತ್ತಂತೆ. ಹಾಗಾಗಿ ಯಾರು ಮಾತಾಡಿದರೂ ಕತ್ತು ಹೊರಳಿಸಿ ಬಲಗಿವಿಯನ್ನು ಮುಂದೆ ತರುತ್ತಿದ್ದರು. ಹೊಸಬರಿಗೆ ಇವರು ಮುಖ ತಿರುಗಿಸಿಕೊಂಡರು ಅನ್ನಿಸುತ್ತಿತ್ತು. ನನಗೂ ಮೊದಲ ದಿನ ಹಾಗೇ ಅನ್ನಿಸಿತ್ತು.

ನಾವು ಬಂದು ನೆಲೆಸಿದ ಪರದೇಶದ ಊರು ಬಾಥೆಲ್‌ನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಅವರೊಬ್ಬರೇ ಇದ್ದರು. ಆ ದೇಶದ ನೌಕಾದಳದ ಪಾದ್ರಿ. ಚರ್ಚಿನ ಪಾದ್ರಿಯೂ ಹೌದು, ದಳದ ಅಧಿಕಾರಿಯೂ ಹೌದು. ನಮ್ಮ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಈಗ ನೆನಪಾಗುವುದು ಮಾತ್ರ ಕನ್ನಡದಲ್ಲಿ.

ಗದಗಿನಿಂದ ಬಂದ ನಮ್ಮಂಥವರ ಮನೆಯ ಮಗಳು ಕಾಲೇಜು ಬಿಟ್ಟು ನೌಕಾದಳ ಸೇರುತ್ತೇನೆ ಅಂದಾಗ ನಮ್ಮ ಬಳಗದಲ್ಲಿ ಯಾರಿಗೂ ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮವರು, ಅವಳ ಅಪ್ಪ, ಎರಡು ವಾರ ಅವಳೊಡನೆ ಮಾತು ಬಿಟ್ಟರು. ಆಗ ಪಾದ್ರಿಯವರು ತಾವಾಗಿಯೇ ಬಂದು, ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಹಡಗಿನ ಮೇಲೆ ದಿನ ಹೇಗೆ ಕಳೆಯುತ್ತದೆ, ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ ಎಲ್ಲವನ್ನೂ ಹೇಳಿದರು. ಅವಲಕ್ಕಿ ಹಾಕಿಕೊಟ್ಟರೆ ಮೆಣಸಿನಕಾಯಿಯನ್ನೂ ಬಿಡದೆ ತಿಂದು, ಕಣ್ಣೊರೆಸಿಕೊಂಡು, "ಇನ್ನೊಂಚೂರು ಹಾಕಿ" ಅಂದರು. ನಮ್ಮವರು ಅಂದು ಸಂಜೆ ಮಗಳನ್ನು ಮಾತಾಡಿಸಿದರು.

ಮಗಳು ಹಡಗು ಹತ್ತಿದ ಮೇಲೆ ನನಗೆ ಹೊಸ ಭಯವೊಂದು ಶುರುವಾಯಿತು. ಸಾವಿನ ಸುದ್ದಿಯನ್ನು ದಳದವರು ಫೋನಿನಲ್ಲಿ ಹೇಳುವುದಿಲ್ಲ. ಒಬ್ಬ ಅಧಿಕಾರಿ, ಜೊತೆಗೊಬ್ಬ ಪಾದ್ರಿ, ಸಮವಸ್ತ್ರದಲ್ಲಿ ಮನೆ ಬಾಗಿಲಿಗೆ ಬರುತ್ತಾರೆ. ಸಂಜೆ ಇವರ ಕಾರು ಬೀದಿಗೆ ತಿರುಗಿ ಒಳಗೆ ಆ ದಿರಿಸು ಕಂಡರೆ ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ. ಮರುದಿನದಿಂದ ಅವರು ನೌಕಾನೆಲೆಯಲ್ಲೇ ಬಟ್ಟೆ ಬದಲಿಸಿ, ಮೊಣಕೈ ಸವೆದ ಕಂದು ಸ್ವೆಟರಿನಲ್ಲಿ ಮನೆಗೆ ಬರತೊಡಗಿದರು.

ಅವರಿಗೆ ಆ ವರ್ಷ ಅರವತ್ತೆರಡು ತುಂಬುವುದಿತ್ತು. ಅಧಿಕಾರಿಗಳು ಆ ವಯಸ್ಸಿಗೆ ಮನೆಗೆ ಹೋಗಬೇಕು. ಹುಟ್ಟಿದ ತಿಂಗಳು ಮುಗಿದ ಮರುದಿನವೇ ನಿವೃತ್ತಿ. ಆದರೆ ದಳಕ್ಕೆ ಅಗತ್ಯ ಕಂಡರೆ ಪಾದ್ರಿಗಳನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳಬಹುದು. ಅವರು ಕಾಲರಿನ ಎಲೆ ಮುಟ್ಟಿ, "ಇವನು ಹೋಗಲೇಬೇಕು" ಅನ್ನುತ್ತಿದ್ದರು. ಆಮೇಲೆ ಶಿಲುಬೆ ಮುಟ್ಟಿ, "ಇವನ ಪರವಾಗಿ ಅರ್ಜಿ ಹಾಕಿದೀನಿ." ನಮ್ಮ ಮಗಳ ಹಡಗು ವಾಪಸು ಬರುವವರೆಗಾದರೂ ಇರಬೇಕೆಂಬುದು ಅವರ ಆಸೆ. ಆ ಹಡಗಿನವರ ಮನೆಗಳಿಗೆಲ್ಲ ಇವರೇ ಪರಿಚಯದವರು. ತಿಂಗಳು ಮುಗಿಯುತ್ತ ಬಂದರೂ ಉತ್ತರ ಬಂದಿರಲಿಲ್ಲ.

ಆ ಕೊನೆಯ ವಾರದ ಒಂದು ಬೆಳಿಗ್ಗೆ ಟಿ.ವಿ.ಯಲ್ಲಿ ಸುದ್ದಿ ಬಂತು. ಅವಳ ಹಡಗಿನ ಎಂಜಿನ್ ಕೋಣೆಯಲ್ಲಿ ಬೆಂಕಿ. ಸಾವಾಗಿದೆ ಅಂದರು, ಎಷ್ಟು ಜನ, ಯಾರು, ಹೇಳಲಿಲ್ಲ. ನನ್ನ ಮಗಳ ಕೆಲಸ ಎಂಜಿನ್ ಕೋಣೆಯಲ್ಲೇ.

ನಮ್ಮವರು ಫೋನಿನ ಮುಂದೆ ಕೂತರು. ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಒಂಬತ್ತೂವರೆ ಇರಬೇಕು, ಪಾದ್ರಿಯವರ ಮನೆ ಮುಂದೆ ಸರ್ಕಾರಿ ಕಾರೊಂದು ನಿಂತಿತು. ಕಿರಿಯ ಅಧಿಕಾರಿಯೊಬ್ಬ ಸ್ಟೀರಿಂಗ್ ಹಿಡಿದು ಕೂತಿದ್ದ. ಪಾದ್ರಿಯವರು ಸಮವಸ್ತ್ರದ ಕಡುನೀಲಿ ಕೋಟು ತೊಟ್ಟು, ಟೋಪಿ ಹಾಕಿಕೊಂಡು ಹೊರಬಂದರು.

"ಹೋಗಬ್ಯಾಡ, ಒಳಗ ಬಾ" ಎಂದು ನಮ್ಮವರು ಕೂಗುತ್ತಿದ್ದರು. ನಾನು ಬರಿಗಾಲಲ್ಲಿ ಓಡಿದ್ದೆ.

"ಹೇಳಿ. ನಮ್ಮ ಮನೆಗೆ ಬರ್ತಿದೀರಾ?"

"ನಾನು ಏನೂ ಹೇಳೋ ಹಾಗಿಲ್ಲ."

"ಹೌದು ಅನ್ನಿ, ಇಲ್ಲ ಅನ್ನಿ. ಒಂದು ಮಾತು ಸಾಕು."

ಅವರ ಮುಖದಲ್ಲಿ ಏನಾದರೂ ಓದಲು ಸಿಗುತ್ತದೇನೋ ಎಂದು ಹುಡುಕಿದೆ. ಏನೂ ಸಿಗಲಿಲ್ಲ. ನನ್ನ ತಲೆ ಕೆಟ್ಟುಹೋಯಿತು.

"ಇನ್ನು ನಾಲ್ಕು ದಿನಕ್ಕೆ ಮನೆಗೆ ಹೋಗೋರು ನೀವು. ನಿಮ್ಮನ್ನ ಯಾರೇನು ಮಾಡ್ತಾರೆ? ಓ, ಅರ್ಜಿ ಹಾಕಿದೀರಲ್ಲ! ಎಕ್ಸ್‌ಟೆನ್ಷನ್ ತಪ್ಪಿಹೋಗತ್ತೆ ಅಂತ ನನ್ನ ಮಗಳ ಸುದ್ದಿ ಮುಚ್ಚಿಡ್ತಿದೀರಾ?"

ಅವರು ಬಲಗಿವಿ ಮುಂದೆ ತಂದು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು: "ಉಳಿದವರ ಮನೆಗೆಲ್ಲ ನಾನು 'ಚೆನ್ನಾಗಿದಾರೆ' ಅಂತ ಹೇಳ್ತಾ ಹೋದರೆ, ಯಾರಿಗೆ ಹೇಳಲಿಲ್ಲವೋ ಅವರಿಗೆ ನಾನು ಸುಮ್ಮನಿರೋದರಿಂದಲೇ ಗೊತ್ತಾಗಿಬಿಡತ್ತೆ. ಹಾಗೆ ಗೊತ್ತಾಗಬಾರದು. ನೀವು ಒಳಗೆ ಹೋಗಿ. ಫೋನ್ ಬಿಜಿ ಇಡಬೇಡಿ. ಏನಾದರೂ ತಿನ್ನಿ."

ಕಾರು ನಮ್ಮ ಮನೆ ದಾಟಿ ಹೋಯಿತು. ಅದರಿಂದ ಸಮಾಧಾನಪಡುವಂತಿರಲಿಲ್ಲ, ಇಂಥ ದಿನ ಅವರಂತೆ ಬೇರೆ ಜೋಡಿಗಳೂ ಬೇರೆ ಮನೆಗಳಿಗೆ ಹೊರಟಿರುತ್ತವೆ. ಬೀದಿಗೆ ಯಾವ ಕಾರು ತಿರುಗಿದರೂ ನಾವಿಬ್ಬರೂ ಎದ್ದು ನಿಲ್ಲುತ್ತಿದ್ದೆವು. ಅಂಚೆಯವನು ಬಂದ. ಪಕ್ಕದ ಮನೆಗೆ ಯಾರೋ ಸೋಫಾ ತಂದಿಳಿಸಿದರು. ನಮ್ಮವರು ದೇವರ ಮುಂದೆ ದೀಪ ಹಚ್ಚಲು ಹೋಗಿ, ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟಿದ್ದರು. ನಾನೇ ಹಚ್ಚಿದೆ.

ನಾಲ್ಕು ಗಂಟೆಗೆ ಫೋನ್ ಬಂತು.

"ಅಮ್ಮಾ, ಐ ಆಮ್ ಓಕೆ. ಐ ಆಮ್ ಓಕೆ, ಅಮ್ಮಾ."

ಹಡಗಿನಲ್ಲಿದ್ದಾಗ ಅವಳು ಅಷ್ಟು ಹೊತ್ತು ಅತ್ತದ್ದು ಅದೊಂದೇ ಸಲ. ಸತ್ತವನು ಒಬ್ಬನೇ. ಅವಳ ಜೊತೆ ಪಾಳಿ ಮಾಡುತ್ತಿದ್ದ ಹುಡುಗ. ಹತ್ತಿರದ ಮರ್ಸರ್ ಐಲ್ಯಾಂಡಿನವನು, ತಾಯಿಗೆ ಒಬ್ಬನೇ ಮಗ. ಆ ದಿನ ಮಾತ್ರ ಅವಳು ಮುಂದಿನ ಪಾಳಿಗೆ ಬದಲಾಗಿದ್ದಳು.

ಎರಡು ದಿನದ ಮೇಲೆ ಪಾದ್ರಿಯವರ ಅರ್ಜಿಗೆ ಉತ್ತರ ಬಂತು. ಅಗತ್ಯವಿಲ್ಲ. ತಿಂಗಳ ಕೊನೆಗೆ ಅವರು ಬರೀ ನಾಗರಿಕರಾದರು. ಹುಡುಗನ ಅಂತ್ಯಕ್ರಿಯೆ ನಡೆದದ್ದು ಅದಾದ ಮೇಲೆ. ಹೊಸ ಪಾದ್ರಿ ಪ್ರಾರ್ಥನೆ ಹೇಳಿದರು. ಇವರು ಮಾಮೂಲಿ ಕಪ್ಪು ಕೋಟಿನಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದರು. ನಡುವೆ ಆ ತಾಯಿ ಎದ್ದು ಹಿಂದೆ ಬಂದು, ಇವರ ತೋಳು ಹಿಡಿದು ಮುಂದಿನ ಸಾಲಿಗೆ ಕರೆದುಕೊಂಡು ಹೋದರು.

ಹಡಗು ವಾಪಸಾದ ದಿನ ಪಾದ್ರಿಯವರು ನಮ್ಮೊಡನೆ ಬಂದರು. ಹಿಂದೆಲ್ಲ ಅಧಿಕಾರಿಗಳ ಸಾಲಿನಲ್ಲಿ ನಿಲ್ಲುತ್ತಿದ್ದವರು ಅಂದು ಹಗ್ಗದ ಈಚೆ, ಮಕ್ಕಳ ಬಲೂನುಗಳ ನಡುವೆ ನಿಂತಿದ್ದರು. ಹಡಗು ಇನ್ನೂ ದೂರವಿತ್ತು.

"ಅವತ್ತು ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿತ್ತು. ಹೆಸರು ಕೋಟಿನ ಜೇಬಲ್ಲೇ ಇತ್ತು."

"ನಾನು ಹಾಗೆಲ್ಲ ಮಾತಾಡಿದಾಗ..."

"ಮೂಲೆ ತಿರುಗಿದ ಮೇಲೆ ಕಾರು ನಿಲ್ಲಿಸೋಕೆ ಹೇಳಿದೆ. ಸ್ವಲ್ಪ ಹೊತ್ತು ಇಳಿದು ನಿಂತಿದ್ದೆ." ಅಷ್ಟು ಹೇಳಿ ನೀರಿನ ಕಡೆ ನೋಡಿದರು. ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಡಗಿನ ಸಿಳ್ಳು ಮೊಳಗಿತು. ಮಗಳು ಇಳಿದು ಬಂದಳು. ಅವಳನ್ನು ಅಪ್ಪಿಕೊಂಡು ತಿರುಗಿದರೆ ಪಾದ್ರಿಯವರು ಪಕ್ಕದಲ್ಲಿರಲಿಲ್ಲ. ಜನರ ಗುಂಪಿನಾಚೆ ಒಬ್ಬರೇ ನಿಂತು ಹಡಗನ್ನು ನೋಡುತ್ತಿದ್ದ ಆ ತಾಯಿಯ ಹತ್ತಿರ ಹೋಗಿ ನಿಂತಿದ್ದರು.

ಮೂರು ವರ್ಷದ ಮೇಲೆ ಬೆಲ್ವ್ಯೂದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ನೋಡಲು ಹೋದಾಗಲೆಲ್ಲ ಮಗಳ ಸುದ್ದಿ ಕೇಳುತ್ತಿದ್ದರು. ಆ ಕ್ಷಮೆ ನಾನು ಕೇಳಲೇ ಇಲ್ಲ.

ಅವರ ಅಂತ್ಯಕ್ರಿಯೆಯಲ್ಲಿ ಮರ್ಸರ್ ಐಲ್ಯಾಂಡಿನ ಆ ತಾಯಿ ನನ್ನ ಪಕ್ಕ ಕೂತಿದ್ದರು. ಅವರ ಮನೆಗೆ ಹೋದ ದಿನ ಪಾದ್ರಿಯವರು ದೇವರ ಮಾತೇ ಎತ್ತಲಿಲ್ಲವಂತೆ. ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಸಂಜೆಯವರೆಗೆ ಜೊತೆಯಲ್ಲಿ ಕೂತಿದ್ದರಂತೆ.

"ನಾನು ಅವರನ್ನ ಕೇಳಿದ್ದು ಒಂದೇ," ಎಂದರು ಆಕೆ. "'ಊರಿಗೆಲ್ಲ ಆಗಲೇ ಗೊತ್ತಾಗಿದೆಯಾ? ಗೊತ್ತಿಲ್ಲದೋಳು ನಾನೊಬ್ಬಳೇನಾ?' ಅಂತ. ಅದಕ್ಕೆ ಅವರು, 'ಇಲ್ಲ, ನಿಮಗೇ ಮೊದಲು. ನಿಮಗಿಂತ ಮುಂಚೆ ನಾನು ಯಾರಿಗೂ ಒಂದು ಮಾತೂ ಹೇಳಿಲ್ಲ' ಅಂದರು. ಆ ದಿನ ಅದೊಂದು ಮಾತೇ ನನ್ನ ಕಿವಿಗೆ ಬಿದ್ದದ್ದು."

ನಾನು ಅವರ ಕೈ ಹಿಡಿದುಕೊಂಡೆ.