ಹನ್ನೊಂದು ದಿನದ ಉಪ್ಪುನೀರು

ರಾಜೀವನಗರದಲ್ಲಿ ಬೀದಿ ಬೀದಿಗೆ ನೀರು ಬಿಡುತ್ತಿದ್ದ ಸಣ್ಣಮಾದಯ್ಯನೂ ಅವನ ಹೆಂಡತಿ ಬಸವಮ್ಮನೂ ಕೊರೊನಾ ಲಸಿಕೆಯ ಪರೀಕ್ಷೆಗೆ ಒಂದೇ ದಿನ ತೋಳು ಕೊಟ್ಟರು. ಅರ್ಧ ಜನಕ್ಕೆ ಲಸಿಕೆ, ಇನ್ನರ್ಧಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದೆಂದು ಚುಚ್ಚುವವರಿಗೂ ಗೊತ್ತಿರುವುದಿಲ್ಲ ಎಂದು ಡಾಕ್ಟರ್ ಧರಣಿ ಬಿಡಿಸಿ ಹೇಳಿದ್ದರು. ಸಣ್ಣಮಾದಯ್ಯ ತಲೆಯಾಡಿಸಿ ಸಹಿ ಹಾಕಿದ. ಆ ಇನ್ನರ್ಧದಲ್ಲಿ ತಾನೂ ಇರಬಹುದೆಂಬುದು ಮಾತ್ರ ಅವನ ತಲೆಗಿಳಿಯಲಿಲ್ಲ.

ಅವತ್ತೇ ಅವನಿಗೆ ತೋಳು ನೋವು, ಮೈ ಬೆಚ್ಚಗೆ. ಬಸವಮ್ಮನಿಗೆ ಏನೂ ಇಲ್ಲ. ಅಲ್ಲಿಗೆ ತೀರ್ಮಾನವಾಯಿತು: ಅವನದು ಅಸಲಿ, ಅವಳದು ಉಪ್ಪುನೀರು. ಬಸವಮ್ಮ ಚಿಲಕ ಹಾಕಿಕೊಂಡು ಒಳಗೆ ಕೂತಳು. ಸಣ್ಣಮಾದಯ್ಯನ ಮಾಸ್ಕು ಜೇಬು ಸೇರಿತು. ಪಕ್ಕದ ಗೋವಿಂದರಾಜುವಿನ ಮನೆಮಂದಿಯೆಲ್ಲ ಕಾಯಿಲೆ ಬಿದ್ದಾಗ ಅವನೇ ಗಂಜಿ ಕೊಟ್ಟ; ಯಾರೂ ಮುಟ್ಟದ ಆ ಮನೆಯ ಮುದುಕನನ್ನು ಹೆಗಲು ಕೊಟ್ಟು ಆಂಬುಲೆನ್ಸಿಗೆ ಹತ್ತಿಸಿದ. ಮುದುಕ ಬದುಕಿ ಬಂದ.

ಕೆಲವು ತಿಂಗಳ ಮೇಲೆ ಪರೀಕ್ಷೆಯಲ್ಲಿ ಲಸಿಕೆ ಗೆದ್ದಿತು. ಧರಣಿ ಇಬ್ಬರನ್ನೂ ಕರೆಸಿ ಯಾರಿಗೆ ಯಾವುದೆಂಬ ಪಟ್ಟಿ ಬಿಚ್ಚಿದರು. ಅಸಲಿ ಬಸವಮ್ಮನದಾಗಿತ್ತು.

ಸಣ್ಣಮಾದಯ್ಯ ಜೇಬಿನ ಮಾಸ್ಕು ತೆಗೆದು ಹಾಕಿಕೊಂಡ. "ಕಾಯ್ಲೆ ಮನೆಗಳ್ಗೆಲ್ಲ ನುಗ್ಬುಟ್ಟಿದೀನಲ್ಲ ಮೇಡಂ."

"ಲಸಿಕೆ ಕೆಲಸ ಮಾಡುತ್ತೆ ಅಂತ ಆಗ ನಮಗೂ ಗೊತ್ತಿರಲಿಲ್ಲ ಮಾದಯ್ಯನೋರೆ."

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಹನ್ನೊಂದು."

"ಆ ಹನ್ನೊಂದು ದಿನ ನನ್ನನ್ಯಾಕೆ ಉಪ್ಪುನೀರಲ್ಲಿ ಓಡಾಡಕ್ಕೆ ಬುಟ್ರಿ?"

ಉಪ್ಪುನೀರಿನವರಿಗೂ ಲಸಿಕೆ ಕೊಡಲು ಮೊದಲ ದಿನವೇ ಅನುಮತಿ ಕೇಳಿ ಬರೆದಿದ್ದೆ, ಕಾಗದ ನಿನ್ನೆ ಬಂತು ಎಂದರು ಧರಣಿ. ಹೇಳುವಾಗ ಅವನ ಮುಖ ನೋಡಲಿಲ್ಲ.

ಅಂದೇ ಅವನಿಗೆ ನಿಜವಾದ ಲಸಿಕೆ ಬಿತ್ತು. ನೋವೂ ಇಲ್ಲ, ಜ್ವರವೂ ಇಲ್ಲ. ಇದೂ ಉಪ್ಪುನೀರೇ ಎಂದು ಮರುದಿನ ಹೋಗಿ ಜಗಳ ತೆಗೆದ. ಖಾಲಿ ಸೀಸೆ ತೋರಿಸಿದರೂ ನಂಬದೆ, ಕೆಲಸಕ್ಕೆ ರಜೆ ಹಾಕಿ ಮನೆ ಹೊಕ್ಕು ಚಿಲಕ ಜಡಿದುಕೊಂಡ. ಬಸವಮ್ಮ ಒಳ್ಳೆ ಸೀರೆ ಉಟ್ಟು ನಜರ್‌ಬಾದಿನ ತಂಗಿ ಮನೆಗೆ ನಡೆದಳು.

ನಾಲ್ಕನೇ ದಿನ ಬಂದು ನೋಡಿದರೆ ಗಂಡ ಒಳಗಿಂದಲೇ, ದೂರ ನಿಂತ್ಕೊ ಕಣಮ್ಮಿ, ಎನ್ನುತ್ತಿದ್ದಾನೆ.

"ಒಳಗಿದ್ದು ನಾನೂ ಉಳ್ಕಂಡೆ, ಹೊರಗಿದ್ದು ನೀವೂ ಉಳ್ಕಂಡ್ರಿ," ಎಂದಳು ಬಸವಮ್ಮ. "ಬಾಗ್ಲು ತಗೀರಿ, ಮೀನು ತಂದಿವ್ನಿ."

ಸಣ್ಣಮಾದಯ್ಯ ಒಳಗಿಂದಲೇ ಯಾವ ಮೀನು ಎಂದು ಕೇಳಿ, ಆಮೇಲೆ ಚಿಲಕ ತೆಗೆದ.