ಫರ್ನಿಶ್ಡ್ ಫ್ಲ್ಯಾಟಿನ ಹಾಡು

ಮೊನ್ನೆ ಅಬುಧಾಬಿಯಲ್ಲಿ ಮೊಮ್ಮಗಳು ನಿಶಾಳ ಕಾರಿನಲ್ಲಿ ಹೋಗುತ್ತಿದ್ದೆ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಒಂದೇ ಹಾಡು ಮತ್ತೆ ಮತ್ತೆ ಸುತ್ತುತ್ತಿತ್ತು. ರಾಕ್ ಅಂತೆ. ಆ ಡ್ರಮ್ಮಿಗೆ ನನ್ನ ಕಟ್ಟಿಸಿದ ಹಲ್ಲೂ ತಾಳ ಹಾಕತೊಡಗಿತು. ಭಾಷೆ ಪೋರ್ಚುಗೀಸ್.

“ಅರ್ಥ ಗೊತ್ತುಂಟಾ ಅಜ್ಜಿ?”

ಕಾನ್ವೆಂಟಿನಲ್ಲಿ ಓದಿದವಳು ನಾನು, ‘ಗೊತ್ತಿಲ್ಲ’ ಅಂದು ಅಭ್ಯಾಸವಿಲ್ಲ. ಕಿವಿಗೊಟ್ಟೆ. ‘ಮೇಜಾ’ ಅಂದ, ನಮ್ಮ ಮೇಜೇ. ‘ಜನೇಲಾ’ ಅಂದ, ಮಂಗಳೂರಿನಲ್ಲಿ ಕಿಟಕಿಗೆ ನಾವು ಜನೇಲು ಅನ್ನುವುದಿಲ್ಲವೇ? ಆಮೇಲೆ ಚಾವಿಯಂಥದ್ದೇನೋ ಬಂತು. ಹಿಂದೆ ಹಡಗಿನಲ್ಲಿ ಬಂದವರು ನಮ್ಮಲ್ಲಿ ಬಿಟ್ಟುಹೋದ ಸಾಮಾನೆಲ್ಲ ಒಂದೊಂದಾಗಿ ಹೊರಬಿತ್ತು.

“ಫರ್ನಿಶ್ಡ್ ಫ್ಲ್ಯಾಟ್ ಬಾಡಿಗೆಗೆ ಉಂಟು ಅಂತಲಾ?”

ಸಿಗ್ನಲ್ ಹಸಿರಾದದ್ದೂ ತಿಳಿಯದೆ ನಿಶಾ ನಕ್ಕಳು. ಹಿಂದಿನವ ಹಾರ್ನ್ ಹೊಡೆದ.

“ಅಯ್ಯೋ ಅಜ್ಜಿ, ಯು ಆರ್ ಇಂಪಾಸಿಬಲ್! ಒಂದೇ ಸಂಜೆಯ ಪ್ರೀತಿ ಅದು. ಮೇಜಿನ ಹತ್ತಿರ ಇಬ್ಬರು ಕೂತಿದ್ದಾರೆ, ಜನೇಲು ತೆರೆದುಂಟು. ಬೆಳಿಗ್ಗೆ ಅವನು ಚಾವಿ ಇಟ್ಟು ಹೊರಡ್ತಾನೆ. ಅಷ್ಟೇ.”

ಹೇಳುತ್ತಾ ಹೇಳುತ್ತಾ ಅವಳ ಸ್ವರ ಸಣ್ಣದಾಯಿತು. ಹಾಡು ಕಳಿಸಿದವನು ರೂಯಿ, ಎರಡು ತಿಂಗಳ ಪ್ರಾಜೆಕ್ಟಿಗೆ ಅವಳ ಆಫೀಸಿಗೆ ಬಂದಿದ್ದ ಲಿಸ್ಬನ್ನಿನ ಹುಡುಗ. ಅವನ ಫ್ಲೈಟ್ ಅವತ್ತೇ ಸಂಜೆ.

“ಏರ್‌ಪೋರ್ಟಿಗೆ ಹೋಗುವುದಿಲ್ವಾ?”

“ಎಂತಕ್ಕೆ? ಇನ್ನು ಸಿಗುವವನಲ್ಲ. ಖಲಾಸ್. ಸುಮ್ಮನೆ ಟೈಮ್ ವೇಸ್ಟ್.”

ನನಗೆ ಹದಿನೇಳರ ನಾನು ನೆನಪಾದೆ, ಆ ಕಥೆ ಅವಳಿಗೂ ಹೇಳಿದೆ. ಪಕ್ಕದ ಮನೆಯ ಮದುವೆಗೆ ಗೋವಾದಿಂದ ಬ್ಯಾಂಡಿನವರು ಬಂದಿದ್ದರು. ಗಿಟಾರಿನ ಹುಡುಗ ಸಂಜೆಯಿಡೀ ನನ್ನ ಕಡೆಗೇ ತಿರುಗಿ ಹಾಡಿದ. ನನಗೆ ಹಾಗನಿಸಿತು, ಬಿಡಿ. ಕೊನೆಗೆ ಹತ್ತಿರ ಬಂದು ಹೆಸರು ಕೇಳಿದ. ನಾನು ನೆಟ್ಟಗೆ ನಿಂತು ಹೆಸರು, ತಂದೆಯ ಹೆಸರು, ಕ್ಲಾಸು, ಸೆಕ್ಷನ್ ಎಲ್ಲ ಒಪ್ಪಿಸಿದೆ. ಸಿಸ್ಟರುಗಳು ಕಲಿಸಿದ್ದು ಹಾಗೆ. ರೊಮ್ಯಾನ್ಸು ಸಿಲಬಸ್ಸಿನಲ್ಲಿ ಇರಲಿಲ್ಲ ನೋಡಿ. ಮರುದಿನ ಮಲ್ಲಿಗೆ ತರುವ ನೆಪದಲ್ಲಿ ಬಸ್‌ಸ್ಟ್ಯಾಂಡಿಗೆ ಓಡಿದೆ.

“ಅವನೆಂತ ಹೇಳಿದ?” ನಿಶಾ ಹಾಡು ನಿಲ್ಲಿಸಿದ್ದಳು.

“ಹೇಳುವುದೆಂತ? ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ! ಕಣ್ತುಂಬ ನೋಡಿ, ಮಲ್ಲಿಗೆ ತಗೊಂಡು ಬಂದೆ.”

“ಸೋ ಸ್ಯಾಡ್ ಅಜ್ಜಿ.”

“ಸ್ಯಾಡ್ ಎಂತದು ಮಾರಾಯ್ತಿ? ಆಮೇಲೆ ನಿನ್ನ ಅಜ್ಜನ ಜೊತೆ ಸುಖವಾಗಿಯೇ ಬಾಳಿದೆ. ಆದರೂ ಆ ಬಸ್ಸು ನೆನಪಾದರೆ ಇವತ್ತಿಗೂ ನಗು ಬರ್ತದೆ. ಹೋಗದೆ ಇದ್ದಿದ್ದರೆ ಅದೂ ಇಲ್ಲ. ನಿನ್ನವ ನಾಳೆ ಇರುವುದಿಲ್ಲ, ಸರಿ. ಇವತ್ತು ಇದ್ದಾನಲ್ಲ?”

ಅವಳು ಮುಂದೆ ಸಿಕ್ಕಿದ ಯೂ-ಟರ್ನ್ ತಗೊಂಡಳು.

ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಒಬ್ಬಳೇ ಕೂತು, ಬಟನ್ ಹುಡುಕಿ ಹಾಡು ಹಾಕಿದೆ. ವಾಲ್ಯೂಮ್ ಜಾಸ್ತಿಯೇ ಮಾಡಿದೆ. ನಿಶಾ ಬರುವಾಗ ಮೂಗು ಕೆಂಪಾಗಿತ್ತು, ಮುಖದಲ್ಲಿ ನಗು.

“ಎಂತ ಹೇಳಿದ?”

“ಪೋರ್ಚುಗೀಸಿನಲ್ಲಿ ಎಂತದೋ ಹೇಳಿದ ಅಜ್ಜಿ. ನಾನು ಅರ್ಥ ಕೇಳಲಿಲ್ಲ.”