ಹೀಟಲ್ಲ, ತಂಪು ಕಮ್ಮಿ

ಕೀನ್ಯಾದ ಪಂಗಾನಿಯ ಈ ಚೀನಿ ಔಷಧಾಲಯಕ್ಕೆ ನನ್ನನ್ನು ಜೊತೆಗೆಂದು ಕರೆತಂದವಳು ಗೆಳತಿ ಸುಧಾ. ಬೆಂಗಳೂರಿನಿಂದ ಬ್ಯಾಂಕ್ ಕೆಲಸಕ್ಕೆ ಬಂದವಳು. ಅವಳಿಗೆ ಅಂಗಾಲು ಉರಿ, ಕೆಲವು ವಾರಗಳಿಂದ ಸರಿಯಾಗಿ ನಿದ್ದೆಯಿಲ್ಲ. ಹಿಂದೆ ಬೇರೊಬ್ಬ ವೈದ್ಯರ ಬಳಿ 'ಹೀಟ್ ಆಗಿದೆ' ಎಂಬುದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದಳಂತೆ. ಅವರು ಥರ್ಮಾಮೀಟರ್ ಇಟ್ಟು, ಜ್ವರವಿಲ್ಲವೆಂದು ಕಳಿಸಿಬಿಟ್ಟರು.

ಇಲ್ಲಿಯ ಚೀನಿ ವೈದ್ಯೆ ಅದೇ ಮಾತಿಗೆ ಅರ್ಥವಾದಂತೆ ತಲೆಯಾಡಿಸಿದರು. ನಾಲಿಗೆ ನೋಡಿದರು, ಎರಡೂ ಕೈಗಳ ನಾಡಿ ಹಿಡಿದರು, ನಿಧಾನವಾಗಿ ಏನೋ ಹೇಳಿದರು. ಕೀನ್ಯಾದ ಸಹಾಯಕಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಸುಧಾ ಮತ್ತೊಮ್ಮೆ ಹೇಳಿಸಿಕೊಂಡು ನನ್ನ ಕಡೆ ತಿರುಗಿದಳು.

"ಯಿನ್ ಕಮ್ಮಿ ಆಗಿದ್ಯಂತೆ. ಅಂದ್ರೆ ಹೀಟ್ ಜಾಸ್ತಿ ಆಗಿರೋದಲ್ಲ ಕಣೇ, ತಂಪು ಕಮ್ಮಿ ಆಗಿರೋದು."

ಬೇರುಗಳ ಪೊಟ್ಟಣ ಹಿಡಿದು ಹೊರಬಂದೆವು. ಮಟಾಟು ವ್ಯಾನುಗಳು ನಿಲ್ಲುವಲ್ಲಿ ಹೆಂಗಸೊಬ್ಬಳು ಮಾವಿನಹಣ್ಣು ಮಾರುತ್ತಿದ್ದಳು. ಉಷ್ಣವೆಂದು ಸುಧಾಳ ಅಮ್ಮ ಊರಿನಿಂದ ಫೋನಿನಲ್ಲೇ ಬಿಡಿಸಿದ್ದ ಹಣ್ಣು ಅದು. ಸುಧಾ ಪೊಟ್ಟಣವನ್ನು ನನ್ನ ಕೈಗಿತ್ತು, ಎರಡು ಹಣ್ಣು ಆರಿಸಿ ದುಡ್ಡು ಕೊಟ್ಟು, ಅಸಾಂಟೆ ಎಂದು ಥ್ಯಾಂಕ್ಸ್ ಹೇಳಿದಳು.

"ನಂದು ಹೀಟ್ ಅಲ್ವಂತಲ್ಲ," ಎನ್ನುತ್ತ ಅಲ್ಲೇ ನಿಂತು ಒಂದನ್ನು ಸಿಪ್ಪೆ ಸಮೇತ ಕಚ್ಚಿದಳು.